ಹೆಸರು ಒಬ್ಬರದು, ಅಚ್ಚು ಒಬ್ಬರದು, ಡ್ರಮ್ಮು ನನ್ನದು

ತಾಕತ್ತಿದ್ದರೆ ಇದನ್ನು ನಂಬದೆ ಇರಿ, ನೋಡೋಣ. ಬೂಕನಕೆರೆಯ ಜವರಪ್ಪ, ಅಂದರೆ ನಾನು, ಒಂದು ಹಳೇ ಡ್ರಮ್ಮನ್ನು ಹೆಗಲಿಗೆ ಹಾಕಿಕೊಂಡು ಅಮೆರಿಕಾಗೆ ಹೋಗಿ, ಅಲ್ಲಿಯ ಒಂದು ಮನೆತನದ ಆಸ್ತಿ ವ್ಯಾಜ್ಯದಲ್ಲಿ ಪಂಚಾಯ್ತಿ ಮಾಡಿ ಬಂದೆ. ಅನುಮಾನವಿದ್ದವರು ನಮ್ಮ ಮನೆಗೆ ಬರಬಹುದು. ಡ್ರಮ್ಮು ನಡುಮನೆಯಲ್ಲೇ ಇದೆ. ಧೂಳು ಕೂರಬಾರದೆಂದು ನನ್ನ ಹೆಂಡತಿ ಜಯಮ್ಮನ ಹಸಿರು ಸೀರೆ ಹೊದಿಸಿದೆ.

ನನ್ನ ಮಾತಿಗೆ ನಮ್ಮ ಸೀಮೆಯಲ್ಲಿ ಎಂಥ ಬೆಲೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಬರೀ ಗೋಡೆಯ ಮುಂದೆ ಗಂಭೀರವಾಗಿ ನಿಂತುಕೊಂಡೆ. ಸ್ವಲ್ಪ ಹೊತ್ತಿಗೆ ನನ್ನ ಹಿಂದೆ ಸಾಲು ಬೆಳೆಯಿತು. ಸಾಲು ಹೋಟೆಲಿನ ಬಾಗಿಲು ದಾಟಿದ ಮೇಲೆ ನಾನು ಮೆಲ್ಲಗೆ ಜಾರಿಕೊಂಡೆ. ನನ್ನ ಹಿಂದೆ ನಿಂತಿದ್ದವನು ಒಂದು ಹೆಜ್ಜೆ ಮುಂದೆ ಬಂದು ಗೋಡೆಗೆ ಮೂಗು ತಾಗಿಸಿ ನಿಂತ. ಇನ್ನೊಮ್ಮೆ ಫೋಟೋ ಸ್ಟುಡಿಯೋದವನನ್ನು ಹಿಡಿದು ನನ್ನ ಹೆಗಲ ಮೇಲೆ ಆನೆ ಕೂತಿರುವ ಚಿತ್ರ ಮಾಡಿಸಿ, ಊರಿಗೆಲ್ಲ ಹಂಚಿದ್ದೆ. ಇಂಥವನು ಜೀವನದಲ್ಲಿ ಒಂದೇ ಒಂದು ನಿಜ ಹೇಳಿದರೆ ಅದರ ಗತಿ ಏನಾಗುತ್ತದೆ? ಈ ಪ್ರವಾಸ ಹುಟ್ಟಿದ್ದೇ ಅಲ್ಲಿ.

ಬೂಕನಕೆರೆ

ಆ ನಿಜ ಯಾವುದೆಂದರೆ, ನನ್ನ ಡ್ರಮ್ಮು ಅಸಲಿ ಅಮೆರಿಕಾದ್ದು.

ಚಿಕ್ಕ ವಯಸ್ಸಿನಲ್ಲಿ ನಾನು ಶ್ರೀರಂಗಪಟ್ಟಣದ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಡ್ರಮ್ಮು ಬಾರಿಸುತ್ತಿದ್ದೆ. ನಮ್ಮ ಮೇಷ್ಟ್ರು ದಾವೂದ್ ಸಾಬರು. ಕೈ ನಡುಗುವ ವಯಸ್ಸಾದಾಗ ತಮ್ಮ ಡ್ರಮ್ಮನ್ನು ನನ್ನ ಕೊರಳಿಗೆ ಹಾಕಿ, "ಯುದ್ಧದ ಟೈಮಲ್ಲಿ ಬೆಂಗಳೂರಲ್ಲಿದ್ದ ಸೋಲ್ಜರುಗಳು ಬಿಟ್ಟೋಗಿದ್ದು ಬೇಟಾ. ಟಾಲ್ಬೆಕ್ ಕಂಪನಿದು. ಅಸಲಿ ಮಾಲ್. ಹೊಡೀಬೇಡ, ಮಾತಾಡ್ಸು" ಎಂದಿದ್ದರು. ಕಂಪನಿಯ ಹಿತ್ತಾಳೆ ಬಿಲ್ಲೆ ಮಾತ್ರ ಅವರ ಕೈಗೆ ಬರುವ ಮುಂಚೆಯೇ ಕಳಚಿಹೋಗಿತ್ತು. ಅದಿದ್ದ ಜಾಗದಲ್ಲಿ ಮೊಟ್ಟೆಯಾಕಾರದ ಒಂದು ಕಪ್ಪು ಗುರುತು, ಎರಡು ಮೊಳೆಯ ತೂತು. ನನ್ನ ಬಳಿ ಇದ್ದ ಸಾಕ್ಷಿ ಅಷ್ಟೇ.

ನಮ್ಮೂರಿನ ಟೀ ಅಂಗಡಿ ಕಟ್ಟೆಯ ಮೇಲೆ ಇದನ್ನು ಹೇಳಿದಾಗಲೆಲ್ಲ ನಗು. ಮುಂದಾಳು ಕಾಳೇಗೌಡ. ಹಸು ಸಾಕುತ್ತಾನೆ, ನನ್ನ ಬಾಲ್ಯದ ಸ್ನೇಹಿತ, ನನ್ನ ಮಾತು ನಂಬುವುದನ್ನು ಮೂರನೇ ಕ್ಲಾಸಿಗೇ ಬಿಟ್ಟವನು.

"ಲೇ ಜವ್ರ, ಮೀರತ್ತಲ್ಲಿ ಇಂತಾವು ಲಾರಿಗಟ್ಲೆ ಮಾಡ್ತಾರೆ ಕಣ್ಲಾ. ಅಮೆರಿಕಾ ಅಂತೆ, ಅಮೆರಿಕಾ!"

"ಅಮೆರಿಕಾಕ್ಕೇ ತಕಂಡೋಗಿ ಕೇಳ್ಕಂಡು ಬತ್ತೀನಿ ನೋಡ್ಲಾ!"

"ಓಗು ಮತ್ತೆ! ಅದೇ ಕಂಪನಿ ಬಿಲ್ಲೆ ಒಡಿಸ್ಕಂಡು ಬಾ. ಸಂತೆ ದಿನ ಡ್ರಮ್ಮ ನನ್ನ ತಲೆ ಮ್ಯಾಲೆ ಒತ್ಕಂಡು ಊರೆಲ್ಲಾ ಮೆರವಣಿಗೆ ಮಾಡ್ತೀನಿ. ತರ್ನಿಲ್ವಾ, ಸಾಯೋಗಂಟ ಈ ಕಟ್ಟೆ ಮ್ಯಾಲೆ ಕುಂತ್ಕಂಡು ನೀನು ಒಂದು ಕತೆನೂ ಏಳಂಗಿಲ್ಲ."

ಕಟ್ಟೆಯವರೆಲ್ಲ "ಆಗ್ಲಿ, ಆಗ್ಲಿ" ಎಂದು ಬಾಯಿ ಸೇರಿಸಿದರು. ನನಗೆ ಕತೆ ನಿಲ್ಲಿಸು ಎನ್ನುವುದು ಕಾವೇರಿಗೆ ಪಶ್ಚಿಮವಾಹಿನಿಯಲ್ಲೇ ನಿಂತುಕೋ ಅಂದ ಹಾಗೆ. ಆದರೂ ಕೈ ಕೊಟ್ಟುಬಿಟ್ಟೆ.

ಅಮೆರಿಕಾದಿಂದ ಕರೆ ಆಗಲೇ ಬಂದಿತ್ತು, ಅದು ಕಾಳೇಗೌಡನಿಗೆ ಗೊತ್ತಿರಲಿಲ್ಲ. ನಾಗಮಂಗಲಕ್ಕೆ ಕೊಟ್ಟ ನನ್ನ ಅಕ್ಕನ ಮಗಳು ಶೋಭಾ ಚಿಕಾಗೊದಲ್ಲಿ ನರ್ಸು. ಅವಳ ಮಗುವಿಗೆ ಕಿವಿ ಚುಚ್ಚಿಸಬೇಕು. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಬೇಕು. ಶೋಭಾಗೆ ಅಣ್ಣತಮ್ಮಂದಿರಿಲ್ಲ. ಹಾಗಾಗಿ ಅವಳ ಸೋದರಮಾವನಾದ ನನ್ನ ತೊಡೆಗೇ ಟಿಕೆಟ್ಟು ಬಂತು. ತೊಡೆಯ ಜೊತೆ ಉಳಿದ ಜವರಪ್ಪನೂ ಹೋಗಬೇಕಾಯಿತು.

ಪಾಂಡವಪುರ, ನಾಗಮಂಗಲ

ಹೊರಡುವ ಮುಂಚೆ ಡ್ರಮ್ಮನ್ನು ಪಾಂಡವಪುರದ ಸಿದ್ದಲಿಂಗಾಚಾರಿಗೆ ತೋರಿಸಿದೆ. ಹಿಂದೆ ಒಂದು ಮದುವೆಯಲ್ಲಿ ಎತ್ತಿನಗಾಡಿ ಹತ್ತಿ ಅದರ ಮೈ ಸೀಳಿದಾಗ ಹಲಸಿನ ಹಲಗೆಯ ತೇಪೆ ಹಾಕಿದವನು ಅವನೇ.

"ಅಮೆರಿಕಾದೋರು ತೇಪೆ ನೋಡಿ ನಗಾಡಿದ್ರೆ?" ಅಂದೆ.

"ನಗಾಡ್ಲಿ ಬುಡಣ್ಣ. ಅವ್ರ ಮರ ಸೀಳ್ತು, ನಮ್ಮ ಮರ ಇಡ್ಕಂಡದೆ. ಅಂಗಂತ ಏಳು."

ಆಮೇಲೆ ನಾಗಮಂಗಲ. ನಮ್ಮ ಮನೆದೇವರ ಪೆಟ್ಟಿಗೆ ಈ ವರ್ಷ ಅಲ್ಲಿ ದೊಡ್ಡಪ್ಪನ ಮಕ್ಕಳ ಮನೆಯಲ್ಲಿತ್ತು. ನಮ್ಮ ವಂಶದವರು ಎಲ್ಲವನ್ನೂ ಭಾಗ ಮಾಡಿಕೊಂಡಿದ್ದೇವೆ. ಹೇಗೆಂದರೆ, ಈಗ ಹೊಲ ಒಬ್ಬನದು, ಹೊಲದೊಳಗಿನ ಬಾವಿ ಇನ್ನೊಬ್ಬನದು, ಬದುವಿನ ತೆಂಗಿನಮರ ಮತ್ತೊಬ್ಬನದು. ಬಾವಿಯವನು ನೀರು ಸೇದಲು ಹೊಲದವನನ್ನು ಕೇಳಬೇಕು, ಮರದವನು ಕಾಯಿ ಕೀಳಲು ಇಬ್ಬರನ್ನೂ ಕೇಳಬೇಕು. ಮಾತು ಬಿಟ್ಟಿದ್ದರಿಂದ ಯಾರೂ ಯಾರನ್ನೂ ಕೇಳುವುದಿಲ್ಲ. ಆದರೆ ದೇವರ ಪೆಟ್ಟಿಗೆಯನ್ನು ಮಾತ್ರ ಯಾರೂ ಒಡೆದಿಲ್ಲ. ಅದು ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗುತ್ತದೆ, ಯುಗಾದಿಯಿಂದ ಯುಗಾದಿಗೆ. ಹಿರಿಯ ಮನೆಯಿಂದ ಶುರು. ಆ ಒಂದು ದಿನ ಎಲ್ಲರೂ ಮಾತಾಡುತ್ತೇವೆ, ಮರುದಿನ ಮತ್ತೆ ಬಿಡುತ್ತೇವೆ.

ಪೆಟ್ಟಿಗೆಗೆ ಕೈಮುಗಿದು ಹೊರಟೆ.

ವಿಮಾನ ನಿಲ್ದಾಣ

ಶೋಭಾಗೆ ರಾಗಿ ಹುರಿಹಿಟ್ಟೆಂದರೆ ಪ್ರಾಣ. ಬ್ಯಾಗುಗಳೆಲ್ಲ ತುಂಬಿದ್ದರಿಂದ ಜಯಮ್ಮ ಡ್ರಮ್ಮಿನ ಒಂದು ಕಡೆಯ ಹಾಳೆ ಬಿಚ್ಚಿಸಿ, ಒಳಗೆ ಹುರಿಹಿಟ್ಟಿನ ಗಂಟು ಇಡಿಸಿದ್ದಳು. ಈ ಉಪಾಯ ಅವಳದೆಂದು ಬರೆಯಲೇಬೇಕೆಂದು ಅವಳೇ ಹೇಳಿದ್ದಾಳೆ.

ಚಿಕಾಗೊದಲ್ಲಿ ಇಳಿದಾಗ ಗಂಟು ಬಿಚ್ಚಿಕೊಂಡಿತ್ತು. ಬೂಕನಕೆರೆಯ ಡ್ರಮ್ಮಿನಿಂದ ಅಮೆರಿಕಾದ ಬಿಳೀ ಮೇಜಿನ ಮೇಲೆ ಕಂದು ಬಣ್ಣದ ಪುಡಿ ಉದುರಿತು. ತಪಾಸಣೆಯ ಅಧಿಕಾರಿ ಕೈಗವಸು ಹಾಕಿಕೊಂಡ. ಇನ್ನೊಬ್ಬ ಬಂದ. ನಾಯಿ ಬಂತು. ನಾಯಿ ಮೂಸಿ, ಸೀನಿ, ಆಮೇಲೆ ಮೇಜಿನ ಕಾಲಿನ ಬಳಿ ಬಿದ್ದಿದ್ದನ್ನೆಲ್ಲ ನೆಕ್ಕಿಬಿಟ್ಟಿತು. ಅಧಿಕಾರಿಗೆ ನಾಯಿಯ ಮೇಲೆ ಸಿಟ್ಟು, ನನಗೆ ನಾಯಿಯ ಮೇಲೆ ಅಭಿಮಾನ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಪುಡಿಯನ್ನೆಲ್ಲ ಗುಡಿಸಿ ಅವರು ಇಟ್ಟುಕೊಂಡು, ಡ್ರಮ್ಮು ನನಗೆ ಕೊಟ್ಟರು.

ಹೊರಗೆ ಬಂದಾಗ ಶೋಭಾ ಕೇಳಿದ ಮೊದಲ ಪ್ರಶ್ನೆ, "ಉರಿಟ್ಟು ಎಲ್ಲಿ ಮಾವ?"

"ನಿಮ್ಮ ಸರ್ಕಾರ ತಿಂತು."

ಚಿಕಾಗೊ

ಕಿವಿ ಚುಚ್ಚುವುದು ಅಲ್ಲಿ ಅಕ್ಕಸಾಲಿಯ ಕೆಲಸವಲ್ಲ, ಬಳೆ ಮಾರುವ ಅಂಗಡಿಯ ಹುಡುಗಿಯ ಕೆಲಸ. ಅವಳು ಮಗುವಿಗೆಂದು ಎತ್ತರದ ಕುರ್ಚಿ ತೋರಿಸಿದಳು. ನಾನು ಅದರಲ್ಲಿ ಕೂತುಕೊಂಡೆ. ಅವಳು ಚುಚ್ಚುವ ಯಂತ್ರ ತಂದು ನನ್ನ ಕಿವಿಗೆ ಗುರಿಯಿಟ್ಟಳು.

"ಏನಂದೆ ಆ ಉಡುಗಿಗೆ?" ಎಂದು ಶೋಭಾಳನ್ನು ಆಮೇಲೆ ಕೇಳಿದೆ.

"ಈವಯ್ಯ ಗಿರಾಕಿ ಅಲ್ಲ, ಕುರ್ಚಿ ಅಂದೆ."

ಮಗು ಅಳಲಿಲ್ಲ. ನಾನು ಸ್ವಲ್ಪ ಅತ್ತೆ.

ಮರುವಾರ ಶೋಭಾ ರಜೆ ಹಾಕಿ ಟಾಲ್ಬೆಕ್ ಕಂಪನಿಗೆ ಕರೆದುಕೊಂಡು ಹೋದಳು. ಗಾಜಿನ ಕಟ್ಟಡ. ಒಳಗೆ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ 'ಟಾಲ್ಬೆಕ್ ಕುಟುಂಬಕ್ಕೆ ಸುಸ್ವಾಗತ' ಎಂದು ಬರೆದಿದೆಯಂತೆ. ಮನೆಯ ಯಜಮಾನರನ್ನು ನೋಡಬೇಕು ಅಂದೆ. ಕಾಫಿ ಲೋಟ ಹಿಡಿದ ಒಬ್ಬ ಯುವಕ ನಗುತ್ತಾ ಬಂದ. ಅಲ್ಲಿ ಎಲ್ಲರೂ ನಗುತ್ತಾರೆ. ಇಲ್ಲ ಎನ್ನುವಾಗ ಇನ್ನೂ ಜಾಸ್ತಿ ನಗುತ್ತಾರೆ. ನಮ್ಮ ತಾಲ್ಲೂಕು ಆಫೀಸಿನವರು ಇದನ್ನು ಕಲಿತರೆ ನಾವು ಖುಷಿಯಾಗಿ ವಾಪಸ್ ಬರಬಹುದು.

"ಟಾಲ್ಬೆಕ್ ಅನ್ನೋರು ಇಲ್ಲಿ ಯಾರೂ ಇಲ್ವಂತೆ ಮಾವ," ಶೋಭಾ ಹೇಳಿದಳು. "ಇವ್ರು ಎಸ್ರು ಮಾತ್ರ ಕೊಂಡ್ಕಂಡಿರೋದಂತೆ."

"ಎಸ್ರು ಎಂಗವ್ವ ಕೊಂಡ್ಕತಾರೆ?"

ಆ ಯುವಕ ಹೇಳಿದ, ಶೋಭಾ ಬಿಡಿಸಿ ಹೇಳಿದಳು. ಟಾಲ್ಬೆಕ್ ಅಣ್ಣತಮ್ಮಂದಿರಿಬ್ಬರು ಡ್ರಮ್ಮು ಮಾಡುತ್ತಿದ್ದರು. ಕೆಟ್ಟ ಕಾಲ ಬಂತು. ಕಂಪನಿಯನ್ನು ಒಂದು ತುತ್ತೂರಿ ಕಂಪನಿಗೆ ಮಾರಿದರು, ಹೆಸರೂ ಸೇರಿ. ತಮ್ಮ ತನ್ನ ಪಾಲು ಹಿಡಿದುಕೊಂಡು ಕಿತ್ತಳೆ ಬೆಳೆಯಲು ಹೋದ. ಅಣ್ಣ ಕಸುಬುದಾರ, ಕೈ ಸುಮ್ಮನಿರಲಿಲ್ಲ. ಹೊಸ ಕಂಪನಿ ತೆರೆದ. ಆದರೆ ತನ್ನ ಹೆಸರು ಹಾಕುವಂತಿಲ್ಲ, ಮಾರಿಯಾಗಿದೆ. ಹೆಂಡತಿಯ ತವರುಮನೆಯ ಹೆಸರು ಹಾಕಿದ. ಅದೂ ಚೆನ್ನಾಗಿ ನಡೆಯಿತು. ತುತ್ತೂರಿಯವರು ಬಂದು ಅದನ್ನೂ ಕೊಂಡರು. ಹೀಗೆ ಗಂಡನ ಹೆಸರು, ಹೆಂಡತಿಯ ಹೆಸರು ಎರಡೂ ಒಂದೇ ಸೂರಿನಡಿ ಸೇರಿದವು. ಗಂಡ ಹೆಂಡತಿ ಮಾತ್ರ ಹೊರಗೆ. ತುತ್ತೂರಿಯವರಿಂದ ಗಿಟಾರಿನವರಿಗೆ, ಗಿಟಾರಿನವರಿಂದ ಪಿಯಾನೋದವರಿಗೆ. ಅವರು ಕೊನೆಗೆ ಹೆಸರನ್ನು ಒಬ್ಬರಿಗೆ, ಮರ ಬಗ್ಗಿಸುವ ಅಚ್ಚುಗಳನ್ನು ಮತ್ತೊಬ್ಬರಿಗೆ ಮಾರಿ ಕೈತೊಳೆದುಕೊಂಡರು.

ನನಗೆ ನಾಗಮಂಗಲದ ಬಾವಿ ಕಣ್ಣ ಮುಂದೆ ಬಂತು. ನಮ್ಮ ಕಡೆ ಹೆಸರು ಕೆಡುತ್ತದೆ, ಹಾಳಾಗುತ್ತದೆ, ಮಣ್ಣುಪಾಲಾಗುತ್ತದೆ. ಅದಕ್ಕೆ ಗಿರಾಕಿ ಸಿಗುತ್ತಾನೆಂದು ಯಾರೂ ಹೇಳಿರಲಿಲ್ಲ. ನನ್ನ ಹೆಸರನ್ನು ಬಿಟ್ಟಿಯಾಗಿ ಕೊಟ್ಟರೂ ಬೂಕನಕೆರೆಯಲ್ಲಿ ತೆಗೆದುಕೊಳ್ಳುವವರಿಲ್ಲ.

ನನ್ನ ಡ್ರಮ್ಮನ್ನು ತಿರುಗಿಸಿ ನೋಡಿ, ಯುವಕ ಮತ್ತೂ ನಕ್ಕ.

"ಇದು ತಮ್ದಲ್ವಂತೆ," ಅಂದಳು ಶೋಭಾ. "ತಮ್ಗಿಂತ ಮುಂಚಿಂದೇನಾದ್ರೂ ಇದ್ರೆ ಅದ್ಕೆ ತಾವು ಜವಾಬ್ದಾರಲ್ವಂತೆ. ಬೇಕಾದ್ರೆ ಒಂದು ಬಿಲ್ಲೆ ಸುಮ್ನೆ ಕೊಡ್ತಾರಂತೆ, ನೆನಪಿಗೆ."

ಕೊಟ್ಟ. ಪ್ಲಾಸ್ಟಿಕ್ಕಿನದು, ಹಿಂದೆ ಅಂಟು. ಟಾಲ್ಬೆಕ್ ಎಂದು ಮುದ್ದಾಗಿ ಬರೆದಿದೆ. ಕಪ್ಪು ಗುರುತಿನ ಮೇಲಿಟ್ಟರೆ ಅರ್ಧವೂ ಮುಚ್ಚಲಿಲ್ಲ.

"ಅಂಟಿಸ್ಕಂಡು ನಡೀ ಮಾವ. ಕಾಳೇಗೌಡಮಾವಂಗೆ ಏನ್ ಗೊತ್ತಾದದು?"

ಶೋಭಾ ಹೇಳಿದ್ದು ಸರಿ. ಜೀವಮಾನವಿಡೀ ನಾನು ಮಾಡಿದ್ದೂ ಅದೇ. ಆದರೆ ನನ್ನದೊಂದು ದುರಭಿಮಾನ: ಸುಳ್ಳಿಗೆ ಬೇಕಾದರೆ ಖೊಟ್ಟಿ ಸಾಕ್ಷಿ ಒದಗಿಸುತ್ತೇನೆ, ನಿಜಕ್ಕೆ ಒದಗಿಸುವುದಿಲ್ಲ. ಬಿಲ್ಲೆಯನ್ನು ಮಗುವಿಗೆ ಆಡಲು ಕೊಟ್ಟೆ.

ಜೋಳದ ಹೊಲಗಳ ನಡುವೆ

ಅಚ್ಚು ಕೊಂಡವನು ಇಂಡಿಯಾನಾ ಕಡೆ ಇದ್ದಾನೆಂದು ಗೊತ್ತಾಗಿ ಮುಂದಿನ ರಜೆಗೆ ಅಲ್ಲಿಗೆ ಹೊರಟೆವು. ಎತ್ತ ನೋಡಿದರೂ ಮುಸುಕಿನ ಜೋಳ. ಒಂದು ಬದುವಿಲ್ಲ. ಬದುವೇ ಇಲ್ಲದ ಮೇಲೆ ಇವರು ಏನನ್ನು ಹಿಡಿದು ಜಗಳವಾಡುತ್ತಾರೆ ಎಂದು ಯೋಚಿಸಿದೆ. ಹೆಸರು ಹಿಡಿದು ಆಡುತ್ತಾರೆ, ಅಷ್ಟೇ.

ಅವನ ಹೆಸರು ಅರ್ಲ್. ಹಸು ಸಾಕುತ್ತಾನೆ, ಥೇಟ್ ಕಾಳೇಗೌಡನ ಹೊಟ್ಟೆ. ಕೊಟ್ಟಿಗೆಯ ಮೂಲೆಯಲ್ಲಿ ಅಚ್ಚುಗಳಿದ್ದವು. ಬಂಡಿಚಕ್ರದ ಪಟ್ಟಿಯಂಥ ಕಬ್ಬಿಣದ ದಪ್ಪ ಬಳೆಗಳು. ಒಂದರೊಳಗೆ ಕೋಳಿ ಕಾವಿಗೆ ಕೂತಿತ್ತು.

ಹಸುಗಳನ್ನು ನೋಡಿ, "ನಮ್ಮೂರಲ್ಲಿ ನನ್ನ ಅಸಾನೂ ಇಷ್ಟೇ ಆಲು ಕೊಡ್ತದೆ ಅಂತ ಏಳು" ಅಂದೆ.

"ನಿಂಗೆ ಅಸಾನೇ ಇಲ್ವಲ್ಲ ಮಾವ?"

"ಇದ್ದಿದ್ರೆ ಕೊಡೋದು. ಏಳು."

ಅವಳು ಹೇಳಲಿಲ್ಲ. ಅರ್ಲ್ ಕೋಳಿಯನ್ನು ಎಬ್ಬಿಸಿ, ನನ್ನ ಡ್ರಮ್ಮಿನ ಹಾಳೆ ಬಿಗಿದ ಬಳೆ ಬಿಚ್ಚಿ, ಮರದ ಮೈಯನ್ನು ಅಚ್ಚಿನೊಳಗೆ ಇಳಿಸಿದ. ಕೈಯಳತೆಗೆ ಹೊಯ್ದ ಬಳೆಯ ಹಾಗೆ ಕೂತುಕೊಂಡಿತು. ನಾನು ಕುಣಿದುಬಿಟ್ಟೆ.

"ವಸಿ ತಡಿ," ಅಂದಳು ಶೋಭಾ. "ಈ ಅಚ್ಚಲ್ಲೇ ತುತ್ತೂರಿಯೋರೂ ಮಾಡವ್ರಂತೆ, ಗಿಟಾರ್‌ನೋರೂ ಮಾಡವ್ರಂತೆ. ಯಾರ ಕಾಲದ್ದು ಅಂತ ಇವ್ರಿಗೂ ಗೊತ್ತಾಗಾಕಿಲ್ವಂತೆ."

"ಬಿಲ್ಲೆ?"

"ಬಿಲ್ಲೆ ಮಾಡೋ ಅಕ್ಕು ಇವ್ರಿಗಿಲ್ವಂತೆ. ಇವ್ರು ಈ ಅಚ್ಚಲ್ಲಿ ಅದೇ ಮರ ಬಗ್ಗಿಸಿ ಡ್ರಮ್ಮು ಮಾಡುದ್ರೂ ಕಾನೂನಲ್ಲಿ ಅದು ಬಕೆಟ್ಟಂತೆ. ಅಲ್ಲಿ ಎಸ್ರು ಕೊಂಡೋರು ಬಕೆಟ್ ಮ್ಯಾಲೆ ಬಿಲ್ಲೆ ಒಡದ್ರೆ ಅದೇ ಟಾಲ್ಬೆಕ್ಕಂತೆ."

ಅರ್ಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕೋಳಿಯನ್ನು ಮತ್ತೆ ಅಚ್ಚಿನೊಳಗೆ ಕೂರಿಸಿ, ಹತ್ತಿರದ ಊರಿನಲ್ಲಿ ಆ ಅಣ್ಣನ ಮೊಮ್ಮಗಳು ಇದ್ದಾಳೆ, ಅವಳನ್ನು ಕೇಳಿ ಎಂದು ದಾರಿ ಹೇಳಿದ.

ಹೆಸರಿಲ್ಲದ ಅಂಗಡಿ

ಪೆಟ್ರೋಲ್ ಬಂಕಿನ ಹಿಂದೆ ಒಂದು ಸಣ್ಣ ಅಂಗಡಿ. ಬೋರ್ಡಿನ ಮೇಲೆ 'ಡ್ರಮ್ ರಿಪೇರಿ' ಎಂದು ಮಾತ್ರ ಇತ್ತು. ಮೊದಲಿದ್ದ ಒಂದು ಪದದ ಮೇಲೆ ಬಿಳೀ ಬಣ್ಣ ಬಳಿದಿತ್ತು. ಹುಟ್ಟಿದಾಗಿನಿಂದ ಆ ಮೊಮ್ಮಗಳ ಹೆಸರು ಡೊರೊತಿ ಟಾಲ್ಬೆಕ್. ಆದರೆ ಅದನ್ನು ಅಂಗಡಿಯ ಮೇಲೆ ಬರೆದ ಕೂಡಲೇ ಹೆಸರು ಕೊಂಡವರ ವಕೀಲರು ಅಳಿಸಿ ಎಂದರಂತೆ.

ನನ್ನಷ್ಟೇ ವಯಸ್ಸಿನ, ನನಗಿಂತ ಎತ್ತರದ ಹೆಂಗಸು. ಕೊರಳಲ್ಲಿ ದಾರಕ್ಕೆ ಪೋಣಿಸಿದ ಮೊಟ್ಟೆಯಾಕಾರದ ಹಿತ್ತಾಳೆ ಬಿಲ್ಲೆ. ಅದನ್ನು ನೋಡಿದ್ದೇ ಹೆಗಲಿನಿಂದ ಡ್ರಮ್ಮು ಇಳಿಸಿದೆ.

ಡ್ರಮ್ಮನ್ನು ಮೇಜಿನ ಮೇಲಿಟ್ಟೆ. ಅವಳು ಕಿವಿಯಿಟ್ಟು ಬೆರಳಲ್ಲಿ ತಟ್ಟಿದಳು. ಸಂದಿಯಲ್ಲಿ ಉಳಿದಿದ್ದ ಹುರಿಹಿಟ್ಟು ಮೊಳೆಯ ತೂತಿನಿಂದ ಬುಸ್ಸೆಂದು ಎದ್ದು ಮುಖಕ್ಕೆ ಹೊಡೆಯಿತು. ಸೀನಿ, ಸೀನಿ, ಕಣ್ಣೊರೆಸಿಕೊಂಡು, ಹಲಸಿನ ತೇಪೆಯ ಮೇಲೆ ಕೈಯಾಡಿಸಿ ಏನೋ ಕೇಳಿದಳು.

"ಇದ್ಯಾರು ಮಾಡಿದ್ದು ಅಂತಾವ್ರೆ."

"ಪಾಂಡವಪುರದ ಆಚಾರಿ ಅನ್ನು. ಅವ್ರ ಮರ ಸೀಳ್ತು, ನಮ್ಮ ಮರ ಇಡ್ಕಂಡದೆ ಅಂತ ಏಳ್ಕಳ್ಸವ್ನೆ ಅನ್ನು."

ಡೊರೊತಿ ನಗಲಿಲ್ಲ. ತಲೆ ಆಡಿಸಿದಳು. ಕೊರಳಿನ ದಾರ ಬಿಚ್ಚಿ ಬಿಲ್ಲೆಯನ್ನು ಕಪ್ಪು ಗುರುತಿನ ಮೇಲಿಟ್ಟಳು. ಅಂಚಿಗೆ ಅಂಚು ಸೇರಿತು. ಬಿಲ್ಲೆಯ ತೂತಿನಲ್ಲಿ ಮರದ ತೂತು ಕಂಡಿತು. ಆ ಆಕಾರದ ಬಿಲ್ಲೆಯನ್ನು ಅವರಜ್ಜ ಕಂಪನಿ ಮಾರುವ ಮುಂಚೆ ಮಾತ್ರ ಹೊಡೆಯುತ್ತಿದ್ದನಂತೆ. ಮಾರುವ ದಿನ ಬೆಂಚಿನ ಮೇಲೆ ಉಳಿದಿದ್ದ ಒಂದನ್ನು ಜೇಬಿಗೆ ಹಾಕಿಕೊಂಡು ಬಂದಿದ್ದನಂತೆ. ಉಳಿದದ್ದೆಲ್ಲ ಮಾರಾಟಕ್ಕೆ ಸೇರಿಹೋಯಿತು. ಆ ಬಿಲ್ಲೆಯ ಒಂದು ಡ್ರಮ್ಮೂ ಆ ಮನೆಯಲ್ಲಿ ಇರಲಿಲ್ಲ. ಎಪ್ಪತ್ತು ದಾಟಿದ ಈ ಹೆಂಗಸು ಅವರಜ್ಜ ತನ್ನ ಹೆಸರಲ್ಲಿ ಮಾಡಿದ ಡ್ರಮ್ಮನ್ನು ಮುಟ್ಟಿದ್ದು ಅದೇ ಮೊದಲು.

ಅವಳು ಪುಟ್ಟ ಹಿತ್ತಾಳೆ ಮೊಳೆಗಳನ್ನು ತಂದು, ಆ ಹಳೇ ತೂತುಗಳಲ್ಲೇ ಬಿಲ್ಲೆ ಹೊಡೆದಳು. ಬಟ್ಟೆಯಲ್ಲಿ ಒರೆಸಿದಳು. ಎತ್ತಿ ನನ್ನ ಕೈಗಿಟ್ಟಳು.

"ಡ್ರಮ್ಮಿಗೆ ಸೇರಿದ್ದು ಡ್ರಮ್ಮಲ್ಲೇ ಇರ್ಲಿ ಅಂತಾವ್ರೆ ಮಾವ. ತಕಂಡೋಗಿ ಅಂತಾವ್ರೆ."

ನಾನು ತೆಗೆದುಕೊಂಡೆ. ಯಾಕೆ ತೆಗೆದುಕೊಳ್ಳಬಾರದು? ಪಂದ್ಯ ಗೆದ್ದಿದ್ದೆ. ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಾಳೇಗೌಡನ ಬೋಳುತಲೆಯ ಮೇಲೆ ಈ ಡ್ರಮ್ಮು ಹೇಗೆ ಕೂರುತ್ತದೆಂದು ಲೆಕ್ಕ ಹಾಕಿದೆ. ಹಿಂದಿರುಗಿ ನೋಡಿದರೆ ಡೊರೊತಿ ಬಾಗಿಲಲ್ಲಿ ನಿಂತಿದ್ದಳು. ಬಿಲ್ಲೆ ಇಲ್ಲದ ಬರೀ ಕೊರಳನ್ನು ಬೆರಳಲ್ಲಿ ತಡಕುತ್ತಿದ್ದಳು. ಹೆಸರು ಗಾಜಿನ ಕಟ್ಟಡದಲ್ಲಿ, ಅಚ್ಚು ಕೋಳಿಯ ಕೆಳಗೆ, ಈಗ ಬಿಲ್ಲೆ ಬೂಕನಕೆರೆಗೆ. ಅವಳ ಭಾಗಕ್ಕೆ ಬಂದದ್ದು ಬಣ್ಣ ಬಳಿದ ಬೋರ್ಡು.

"ಗಾಡಿ ತಿರುಗ್ಸು."

"ಏನ್ ಮರ್ತ್ ಬಂದೆ ಮಾವ?"

"ಇನ್ನೂ ಏನೂ ಮರ್ತಿಲ್ಲ. ವಸಿ ದೂರ ಓದ್ರೆ ಮರ್ತ್ಬುಡ್ತೀನಿ. ತಿರುಗ್ಸವ್ವ."

ಒಳಗೆ ಹೋಗಿ ಡ್ರಮ್ಮನ್ನು ಮೇಜಿನ ಮೇಲಿಟ್ಟೆ. "ಮನೆದೇವ್ರ ಪೆಟ್ಗೆ ಇಚಾರ ಏಳವ್ವ ಇವ್ರಿಗೆ" ಅಂದೆ. ಶೋಭಾ ನನ್ನ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ಹೊಲ, ಬಾವಿ, ತೆಂಗಿನಮರ, ಪೆಟ್ಟಿಗೆ, ಎಲ್ಲ ಬಿಡಿಸಿ ಬಿಡಿಸಿ ಹೇಳಿದಳು. ಡೊರೊತಿ ಕೇಳಿದ್ದು ಒಂದೇ ಪ್ರಶ್ನೆ.

"ಮೊದ್ಲ ಸರದಿ ಯಾರ್ದು ಅಂತಾವ್ರೆ."

"ಇರೀರ ಮನೇದು. ಅವ್ರ ತಾತ ಅಣ್ಣ ಅಲ್ವ? ಬರೋ ಯುಗಾದಿಗೆ ಇವ್ರೇ ಒತ್ಕಂಡು ಬೂಕನಕೆರೆಗೆ ಬರ್ಬೇಕು. ಒಬ್ಬಟ್ಟು ತಿನ್ದೆ ಸರದಿ ಬದ್ಲಾಗಾಕಿಲ್ಲ ಅನ್ನು."

ಶೋಭಾ ಗೋಡೆಯ ಕ್ಯಾಲೆಂಡರಿನಲ್ಲಿ ಯುಗಾದಿ ಹುಡುಕಿದಳು. ಇರಲಿಲ್ಲ. ಪೆನ್ನು ತೆಗೆದುಕೊಂಡು ಬರೆದಳು.

ನನ್ನನ್ನು ದೊಡ್ಡ ಮನುಷ್ಯ ಎಂದುಕೊಳ್ಳಬೇಡಿ. ವಿಮಾನದಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡು ಬಂದೆ.

ಮತ್ತೆ ಬೂಕನಕೆರೆ

ಕಟ್ಟೆಯ ಮೇಲೆ ಎಲ್ಲರೂ ಕಾದಿದ್ದರು. ಕಾಳೇಗೌಡ ನನ್ನ ಬರಿಗೈ ನೋಡಿದ.

"ಡ್ರಮ್ಮೆಲ್ಲಿ ಮಗಾ?"

"ಬುಟ್ಬಂದೆ ಕಣ್ಲಾ. ಅವ್ರ ಸರದಿ."

ಇಡೀ ಕಥೆ ಹೇಳಿದೆ, ಒಂದಕ್ಷರ ಸೇರಿಸದೆ. ನಾಯಿ, ಕುರ್ಚಿ, ಕೋಳಿ, ಬಕೆಟ್ಟು, ಬಿಲ್ಲೆ, ಎಲ್ಲ. ನನ್ನ ಜನ್ಮದಲ್ಲಿ ಕಟ್ಟೆ ಅಷ್ಟು ನಕ್ಕಿದ್ದು ನೋಡಿರಲಿಲ್ಲ. ಫೋನಿನಲ್ಲಿ ಶೋಭಾ ತೆಗೆದ ಫೋಟೋ ತೋರಿಸಿದೆ: ಡೊರೊತಿ, ಡ್ರಮ್ಮು, ಅದರ ಮೈಮೇಲೆ ಬಿಲ್ಲೆ.

"ಫೋಟೋನಾ?" ಕಾಳೇಗೌಡ ಕಣ್ಣೊರೆಸಿಕೊಂಡ. "ಆ ಆನೆ ನಿನ್ನ ಎಗಲಿಂದ ಇಳೀತೇನ್ಲಾ, ಇನ್ನೂ ಅಲ್ಲೇ ಐತಾ?"

ಪಂದ್ಯ ಪಂದ್ಯವೇ. ಅಂದಿನಿಂದ ಕಟ್ಟೆಯ ಮೇಲೆ ಟೀ ಕುಡಿಯುತ್ತೇನೆ, ಬಾಯಿ ಬಿಡುವುದಿಲ್ಲ. ಕಾಳೇಗೌಡನಿಗೇ ಬೇಜಾರಾಗಿದೆ. ಮೊನ್ನೆ ಲೋಟ ಕೆಳಗಿಟ್ಟು, "ಏನಾರ ಒಂದು ಸುಳ್ಳಾದ್ರೂ ಏಳ್ಲಾ" ಅಂದ. ನಾನು ತಲೆ ಅಲ್ಲಾಡಿಸಿದೆ. ಹೇಳಬಾರದು ಎಂದು ಮಾತಾಗಿತ್ತು. ಬರೆಯಬಾರದು ಎಂದು ಯಾರೂ ಅಂದಿರಲಿಲ್ಲ. ಆದ್ದರಿಂದ ಬರೆದೆ.

ಕಟ್ಟೆಯಲ್ಲಿ ಹೇಳಿದ್ದಕ್ಕೆ ಇಲ್ಲಿ ನಾನು ಸೇರಿಸಿದ್ದು ಒಂದೇ ಒಂದು. ಬಕೆಟ್ಟಲ್ಲ, ನಾಯಿಯಲ್ಲ, ಕೋಳಿಯೂ ಅಲ್ಲ. ಮೊದಲಲ್ಲೇ ಹೇಳಿದೆನಲ್ಲ, ಡ್ರಮ್ಮು ನಡುಮನೆಯಲ್ಲಿದೆ ಎಂದು, ಅದು. ನಡುಮನೆ ನಿಜ, ಹಸಿರು ಸೀರೆಯೂ ನಿಜ. ಅದರಡಿ ಇರುವುದು ರಾಗಿ ಡಬ್ಬ. ಆ ಜಾಗ ಬರಿದಾಗಿ ಕಂಡರೆ ನಾನು ಊಟ ಬಿಡುತ್ತೇನೆಂದು ಜಯಮ್ಮ ಇಟ್ಟಿದ್ದಾಳೆ. ಯುಗಾದಿವರೆಗೆ ಯಾರೂ ಬಂದು ಸೀರೆ ಎತ್ತಬೇಡಿ.